ನಂದಿಯ ತಪ್ಪಲಿನಿಂದ ಕಂಡ ಹೊಸ ಜಗತ್ತು

ಮುದ್ದೇನಹಳ್ಳಿ ಎಂದೊಡನೆ ಕೇಳುಗರ ಮನಸ್ಸಿಗೆ ಬರುವ ಹೆಸರು ಒಂದೇ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು, ಅವರ ಸಮಾಧಿಯಿರುವ ಊರು. ಇಷ್ಟು ಹೇಳಿದರೆ ಊರಿನ ಪರಿಚಯ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಆ ಮಹನೀಯರನ್ನು ಕುರಿತು ಹೇಳಬಲ್ಲವರು ಬಹುಮಂದಿ ಇದ್ದಾರೆ, ಹೇಳಿಯೂ ಇದ್ದಾರೆ. ನಾನು ಇಂದು ಹೇಳಹೊರಟಿರುವುದು ಆ ಊರಿನ ಹೊಲದಲ್ಲಿ ನಿಂತು ತಲೆಯೆತ್ತಿದರೆ ಕಾಣುವ ಬೆಟ್ಟದ ವಿಷಯ, ತಲೆ ತಗ್ಗಿಸಿದರೆ ಕಾಣುವ ಬೆಳೆಯ ವಿಷಯ, ಮತ್ತು ಇವೆರಡಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ತೋರುವ ಅಮೆರಿಕ ಖಂಡದ ವಿಷಯ.

ಬೆಟ್ಟದಿಂದ ಆರಂಭಿಸುತ್ತೇನೆ. ಮುದ್ದೇನಹಳ್ಳಿಯ ನೆತ್ತಿಯ ಮೇಲೆಂಬಂತೆ ನಿಂತಿರುವ ಗಿರಿಸಾಲಿನಲ್ಲಿ ನಂದಿದುರ್ಗದ ಹೆಸರು ದೊಡ್ಡದು. ಸಮುದ್ರಮಟ್ಟದಿಂದ ಸುಮಾರು ೪೮೫೦ ಅಡಿ ಎತ್ತರ. ೧೭೯೧ನೆಯ ಅಕ್ಟೋಬರ್ ತಿಂಗಳಿನಲ್ಲಿ ಈ ದುರ್ಗ ಟಿಪ್ಪು ಸುಲ್ತಾನನ ಕೈತಪ್ಪಿತು. ಮೇಜರ್ ಗೌಡಿ ಎಂಬ ಅಧಿಕಾರಿ (ಹೆಸರು ಕೇಳಿದರೆ ನಮ್ಮ ಸೀಮೆಯವನೇ ಇರಬೇಕೆನ್ನಿಸುತ್ತದೆ, ಆತ ಅಪ್ಪಟ ಪರಂಗಿಯವನು) ಸುಮಾರು ಮೂರು ವಾರಗಳ ಕಾಲ ಬಂಡೆಗಳ ನಡುವೆ ದಾರಿ ಮಾಡಿಸಿ, ಆನೆಗಳ ನೆರವಿನಿಂದ ತೋಪುಗಳನ್ನು ಮೇಲಕ್ಕೆ ಎಳೆಸಿ, ಕೋಟೆಯ ಗೋಡೆಯನ್ನು ಒಡೆದನು. ಕಡೆಯ ರಾತ್ರಿಯ ಲಗ್ಗೆಗೆ ಜನರಲ್ ಮೆಡೋಸ್ ಮುಂದಾಳಾದನು. ಇವರೆಲ್ಲರ ಮೇಲಿನ ಸೇನಾಪತಿ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್. ಇದಕ್ಕೆ ಹತ್ತು ವರ್ಷ ಹಿಂದೆ, ೧೭೮೧ರ ಅದೇ ಅಕ್ಟೋಬರ್ ತಿಂಗಳಿನಲ್ಲಿ, ಇದೇ ಕಾರ್ನ್‌ವಾಲಿಸ್ ವರ್ಜೀನಿಯದ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ನನಿಗೂ ಅವನ ಜೊತೆಗಾರರಾದ ಫ್ರೆಂಚರಿಗೂ ಶರಣಾಗತನಾಗಿದ್ದನು. ಆ ದಿನ ಮೈ ಸರಿಯಿಲ್ಲವೆಂದು ಹೇಳಿ, ತಾನು ಹೋಗದೆ, ಕತ್ತಿಯನ್ನು ಕೈಕೆಳಗಿನ ಅಧಿಕಾರಿಯೊಡನೆ ಕಳುಹಿಸಿದನು. ಅಮೆರಿಕದಲ್ಲಿ ಇಂಗ್ಲಿಷರ ಹದಿಮೂರು ವಸಾಹತುಗಳು ಕೈಬಿಡಲು ಕಾರಣವಾದ ಸೋಲು ಯಾರದೋ, ನಮ್ಮ ಬೆಟ್ಟದ ಮೇಲಿನ ಗೆಲವೂ ಅವನದೇ.

ನಾನು ಈ ಸೀಮೆಯ ಪ್ರೌಢಶಾಲೆಗಳಲ್ಲಿ ಬಹುಕಾಲ ಚರಿತ್ರೆ ಹೇಳಿದವನು. ಪಠ್ಯಪುಸ್ತಕದಲ್ಲಿ ಯಾರ್ಕ್‌ಟೌನ್ ಒಂದು ಅಧ್ಯಾಯದಲ್ಲಿದೆ, ಮೈಸೂರು ಯುದ್ಧ ಇನ್ನೊಂದು ಅಧ್ಯಾಯದಲ್ಲಿದೆ. ನಡುವೆ ಪರೀಕ್ಷೆಯೂ ದಸರಾ ರಜೆಯೂ ಬಂದು ಹೋಗುತ್ತವೆ. ಒಬ್ಬ ಹುಡುಗ ಮಾತ್ರ ಒಮ್ಮೆ ಎದ್ದು ನಿಂತು ಕೇಳಿದ: “ಸಾರ್, ಇವರು ಅಲ್ಲಿ ಹೋದವರು ಅಲ್ಲೇ ಉಳಿದುಕೊಂಡರಲ್ಲ, ಇಲ್ಲಿಗೆ ಬಂದವರು ಯಾಕೆ ವಾಪಸು ಹೋದರು?” ನಾನು ಗಾಂಧೀಜಿಯವರ ಹೆಸರು ಹೇಳಿದೆ. ಅದು ೧೯೪೭ಕ್ಕೆ ಉತ್ತರ. ಹುಡುಗ ಕೇಳಿದ್ದು ಅದಕ್ಕಿಂತ ಹಿಂದಿನ ಮಾತು. ಅಲ್ಲಿ ನೆಲದ ಒಡೆಯರೇ ಅಳಿದು, ಬಂದವರ ಮಕ್ಕಳು ನೆಲದ ಮಕ್ಕಳಾದರು. ಇಲ್ಲಿ ನಾವು ನಮ್ಮ ಭಾಷೆ, ನಮ್ಮ ಜಾತ್ರೆ, ನಮ್ಮ ಜಗಳಗಳ ಸಮೇತ ಉಳಿದೆವು. ಏಕೆ?

ಎರಡೂ ಕಡೆಗೆ ಹೊರಟವರು ಬೇರೆ ಬೇರೆ ಜನವೆಂದು ಹೇಳುವಂತಿಲ್ಲ. ಈಸ್ಟ್ ಇಂಡಿಯ ಕಂಪನಿ ಹುಟ್ಟಿದ್ದು ೧೬೦೦ರ ಕಡೆಯ ದಿನ. ವರ್ಜೀನಿಯ ಕಂಪನಿಗೆ ದೊರೆಯ ಸನ್ನದು ದೊರೆತದ್ದು ೧೬೦೬ರಲ್ಲಿ. ಸರ್ ಥಾಮಸ್ ಸ್ಮಿತ್ ಎಂಬ ಲಂಡನ್ನಿನ ವರ್ತಕ ಮೊದಲನೆಯದರ ಮೊದಲ ಗವರ್ನರ್. ಎರಡನೆಯದಕ್ಕೂ ಅವನೇ ಮುಖ್ಯಸ್ಥ. ಒಂದೇ ಮನೆಯ ಜಗುಲಿಯಲ್ಲಿ ಕುಳಿತು ಪೂರ್ವಕ್ಕೆ ಒಂದು ಹಡಗು, ಪಶ್ಚಿಮಕ್ಕೆ ಒಂದು ಹಡಗು ಎಂದು ಲೆಕ್ಕ ಹಾಕಿದವರು ಇವರು. ಜಹಾಂಗೀರನ ಆಸ್ಥಾನಕ್ಕೆ ರಾಯಭಾರಿಯಾಗಿ ೧೬೧೫ರಲ್ಲಿ ಬಂದ ಸರ್ ಥಾಮಸ್ ರೋ, ಅದಕ್ಕೆ ಐದು ವರ್ಷ ಹಿಂದೆ ದಕ್ಷಿಣ ಅಮೆರಿಕದ ಗಯಾನ ತೀರದಲ್ಲಿ ಚಿನ್ನ ಹುಡುಕುತ್ತ ಅಲೆದವನು. ಅಲ್ಲಿ ಸಿಕ್ಕದ ಚಿನ್ನದ ಸಿಂಹಾಸನ ಅವನಿಗೆ ಇಲ್ಲಿ ಕಾಣಸಿಕ್ಕಿತು. ಆದರೆ ಅದರ ಮೇಲೆ ಆಗಲೇ ಒಬ್ಬರು ಕುಳಿತಿದ್ದರು. ಮೇಲಿನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಮಿಕ್ಕರ್ಧಕ್ಕೆ ಇನ್ನೂ ನೂರು ವರ್ಷ ಹಿಂದೆ ಹೋಗಬೇಕು. ೧೪೯೨ನೆಯ ಅಕ್ಟೋಬರ್ ೧೨ರಂದು ಕೊಲಂಬಸ್ ಕೆರಿಬಿಯನ್ ಸಮುದ್ರದ ಅಂಚಿನ ಒಂದು ನಡುಗಡ್ಡೆಯಲ್ಲಿ ಇಳಿದಾಗ ಅವನು ಹುಡುಕುತ್ತಿದ್ದುದು ನಮ್ಮನ್ನು. ನಮ್ಮನ್ನು ಎಂದರೆ ಇಂಡಿಯ ಎಂದು ಯೂರೋಪು ಸಡಿಲವಾಗಿ ಕರೆಯುತ್ತಿದ್ದ ಪೂರ್ವದೇಶಗಳನ್ನು. ಇಲ್ಲಿನ ಮೆಣಸನ್ನು, ಅರಳೆ ಬಟ್ಟೆಯನ್ನು, ಸುಗಂಧ ದ್ರವ್ಯಗಳನ್ನು. ಎದುರಾದ ಜನಕ್ಕೆ ಅವನು ‘ಇಂಡಿಯನ್ನರು’ ಎಂದು ಹೆಸರಿಟ್ಟ. ನಮಗೆ ಬರಬೇಕಾಗಿದ್ದ ಹಡಗು ಅವರ ಮನೆ ಬಾಗಿಲಿಗೆ ಹೋಯಿತು. ನಮ್ಮ ಹೆಸರೂ ಅವರಿಗೆ ಹೋಯಿತು. ಐನೂರು ವರ್ಷಗಳ ಮೇಲೆಯೂ ಅವರಲ್ಲಿ ಅನೇಕರು ಆ ಹೆಸರನ್ನು ಹೊತ್ತಿದ್ದಾರೆ. ಎಂಟು ವರ್ಷಗಳ ಅನಂತರ, ನಿಜವಾಗಿ ಕಲ್ಲಿಕೋಟೆಗೆಂದೇ ಹೊರಟ ಪೋರ್ಚುಗೀಸ್ ನಾಯಕ ಕಬ್ರಾಲ್ ದಾರಿಯಲ್ಲಿ ಪಶ್ಚಿಮಕ್ಕೆ ಸರಿದು, ೧೫೦೦ನೆಯ ಏಪ್ರಿಲಿನಲ್ಲಿ ಬ್ರೆಜಿಲ್ ಕರಾವಳಿಯನ್ನು ಕಂಡು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆ ಮುಟ್ಟಿದ. ಬ್ರೆಜಿಲಿಗೂ ನಮ್ಮ ಪಶ್ಚಿಮ ತೀರಕ್ಕೂ ಆ ಒಂದೇ ಪಯಣದಲ್ಲಿ ದಾರಿ ಬಿದ್ದಿತು. ೧೫೧೦ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ಆ ದಾರಿಯಲ್ಲಿ ಬಂದದ್ದನ್ನೆಲ್ಲ ಇಳಿಸಿಕೊಳ್ಳಲು ಬಂದರೂ ಸಿದ್ಧವಾಯಿತು.

ಮೊದಲು ಬಂದವುಗಳಲ್ಲಿ ಮೆಣಸಿನಕಾಯಿ ಒಂದು. ಕೊಲಂಬಸ್ ಮೆಣಸನ್ನು ಹುಡುಕುತ್ತ ಹೋಗಿ, ಖಾರವಾದ ಒಂದು ಕೆಂಪು ಕಾಯಿಯನ್ನು ಕಂಡು, ಅದಕ್ಕೆ ಮೆಣಸಿನ ಹೆಸರನ್ನೇ ಕೊಟ್ಟ. ನಮ್ಮ ಪೂರ್ವಿಕರು ಅವನ ಬರಹವನ್ನೇನೂ ಓದಿದವರಲ್ಲ; ಆದರೂ ಅವರು ಮಾಡಿದ್ದೂ ಅದನ್ನೇ. ‘ಮೆಣಸಿನ ಕಾಯಿ’ ಎಂದರು. ಕಾಲಕ್ರಮದಲ್ಲಿ ಹೊಸಬನು ಎಷ್ಟು ಬಲಿತನೆಂದರೆ, ಸಾವಿರಾರು ವರ್ಷ ಬರಿಯ ‘ಮೆಣಸು’ ಎಂದೇ ಬಾಳಿದ್ದ ಹಳಬನು ‘ಕರಿಮೆಣಸು’, ‘ಕಾಳುಮೆಣಸು’ ಎಂದು ಹೆಸರಿಗೊಂದು ಗುರುತು ಕಟ್ಟಿಕೊಂಡು ನಿಲ್ಲಬೇಕಾಯಿತು. ಪುರಂದರದಾಸರ ಅಂಕಿತದಲ್ಲಿ ಮೆಣಸಿನಕಾಯಿಯ ಮೇಲೆ ಒಂದು ಹಾಡು ಪ್ರಚಾರದಲ್ಲಿದೆ. ಅದು ದಾಸರದೇ ಆದರೆ ಗೋವೆಯಿಂದ ವಿಜಯನಗರದ ಅಡುಗೆಮನೆಗೆ ಈ ಕಾಯಿ ಅರ್ಧ ಶತಮಾನದಲ್ಲಿ ನಡೆದುಬಂದಿತೆಂದು ಹೇಳಬೇಕು. ಮಿಕ್ಕವುಗಳ ಹೆಸರಿನಲ್ಲೂ ಬಂದ ದಾರಿಯ ಧೂಳು ಅಂಟಿಕೊಂಡಿದೆ. ಪರಂಗಿ ಹಣ್ಣು ಪರಂಗಿಯವರದು. ಸೀಮೆಬದನೆ, ಸೀಮೆಹುಣಸೆ ಹೊರಸೀಮೆಯವು. ಎರಡೂ ಮೆಕ್ಸಿಕೋ ಕಡೆಯವು. ಅನಾನಸ್ ಎಂಬುದು ಬ್ರೆಜಿಲಿನ ಮೂಲನಿವಾಸಿಗಳ ಮಾತು. ಟೊಮ್ಯಾಟೊ ಎಂಬುದು ಮೆಕ್ಸಿಕೋದ ನಹುವಾಟ್ಲ್ ಭಾಷೆಯದು. ಚಿಂತಾಮಣಿಯ ಮಾರುಕಟ್ಟೆಯಲ್ಲಿ ಟಮೋಟ ಹರಾಜು ಕೂಗುವ ದಲ್ಲಾಳಿ ತಾನು ಅಜ್ಟೆಕರ ಮಾತನ್ನು ಕೂಗುತ್ತಿರುವೆನೆಂದು ಎಂದಾದರೂ ಯೋಚಿಸಿರಲಾರ.

ಹೀಗೆ ಪದಗಳ ಕತೆ ಹೇಳುತ್ತ ಹೋದರೆ ಕೇಳಲು ಹಿತವಾಗಿರುತ್ತದೆ. ಆದರೆ ಆ ಪದಗಳನ್ನು ಮೊದಲು ಆಡಿದ ಬಾಯಿಗಳಿಗೆ ಏನಾಯಿತೆಂಬುದನ್ನು ಹೇಳದೆ ಬಿಡುವುದು ಸರಿಯಲ್ಲ.

ಕೊಲಂಬಸ್ ೧೪೯೩ರಲ್ಲಿ ಎರಡನೆಯ ಸಲ ಹೊರಟಾಗ ಅವನ ಜೊತೆಗೆ ಹದಿನೇಳು ಹಡಗುಗಳಿದ್ದವು. ಸಾವಿರಕ್ಕೆ ಮೇಲ್ಪಟ್ಟು ಜನ, ಕುದುರೆ, ಹಂದಿ, ಕಬ್ಬಿನ ತುಂಡು, ಬಿತ್ತನೆಯ ಬೀಜ ಇದ್ದವು. ಅದು ನೋಡಿಬರುವ ಪಯಣವಾಗಿರಲಿಲ್ಲ. ಒಕ್ಕಲು ಹೂಡುವ ಪಯಣ. ಅವರು ನೆಲೆಯೂರಿದ್ದು ಹಿಸ್ಪ್ಯಾನಿಯೋಲ ಎಂಬ ದ್ವೀಪದಲ್ಲಿ. ಇಂದಿನ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯಗಳು ಅಲ್ಲಿವೆ. ಅಲ್ಲಿನ ಟೈನೊ ಜನ ಮಣ್ಣಿನ ಗುಪ್ಪೆಗಳ ಮೇಲೆ ಮರಗೆಣಸು ಬೆಳೆದು ಬದುಕುತ್ತಿದ್ದ ಒಕ್ಕಲಿಗರು. ಹದಿನಾಲ್ಕು ವರ್ಷ ದಾಟಿದ ಪ್ರತಿಯೊಬ್ಬನೂ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆಯ ತುಂಬ ಚಿನ್ನದ ಪುಡಿ ತಂದೊಪ್ಪಿಸಬೇಕೆಂದು ಚಿನ್ನವಿದ್ದ ಸೀಮೆಗಳಲ್ಲಿ ಕೊಲಂಬಸ್ ಕಟ್ಟುಮಾಡಿದ. ಸಾಕಿದ ಗಿಡುಗದ ಕಾಲಿಗೆ ಕಟ್ಟುವ ಸಣ್ಣ ಗೆಜ್ಜೆ ಅದು. ಹೊಳೆಯ ಮರಳಿನಲ್ಲಿ ಅಷ್ಟು ಚಿನ್ನವಿರಲಿಲ್ಲ. ಚಿನ್ನ ಜಾಲಿಸುತ್ತ ಹೊಳೆಯಲ್ಲಿ ನಿಂತವರು ಗೆಣಸು ನೆಡಲಾರದೆ ಹೋದರು; ಹಸಿವು ಬಂದಿತು. ಆಮೇಲೆ ಊರಿಗೆ ಊರನ್ನೇ ಒಬ್ಬೊಬ್ಬ ಸ್ಪೇನಿನವನಿಗೆ ದುಡಿಮೆಗಾಗಿ ಹಂಚಿಕೊಡುವ ಪದ್ಧತಿ ಆರಂಭವಾಯಿತು. ೧೫೧೪ರಲ್ಲಿ ಹಂಚಿಕೆಗಾಗಿ ಎಣಿಸಿದಾಗ ದ್ವೀಪದಲ್ಲಿ ಲೆಕ್ಕಕ್ಕೆ ಸಿಕ್ಕವರು ೨೬,೦೦೦ದ ಆಸುಪಾಸು. ಕೊಲಂಬಸ್ ಬಂದಾಗ ಎಷ್ಟಿದ್ದರೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕೆಲವು ಲಕ್ಷವೆನ್ನುವವರೇ ಹೆಚ್ಚು. ಜಗಳ ಸೊನ್ನೆಗಳದು, ಊರುಗಳು ಬರಿದಾದದ್ದರಲ್ಲಿ ಜಗಳವಿಲ್ಲ.

ಈ ಕತೆಯಲ್ಲಿ ನನ್ನ ಮನಸ್ಸನ್ನು ಬಹಳ ಕಾಲ ಹಿಡಿದಿಟ್ಟ ಮನುಷ್ಯ ಬಾರ್ತೊಲೊಮೆ ದೆ ಲಾಸ್ ಕಾಸಾಸ್. ಅವನ ತಂದೆ ಕೊಲಂಬಸನ ಎರಡನೆಯ ಪಯಣದಲ್ಲಿ ಹೋಗಿ, ಮರಳುವಾಗ ಒಬ್ಬ ಟೈನೊ ಹುಡುಗನನ್ನು ಕರೆತಂದು ಮಗನಿಗೆ ಕೈಯಾಳಾಗಿ ಕೊಟ್ಟಿದ್ದ. ಮಗನೂ ೧೫೦೨ರಲ್ಲಿ ದ್ವೀಪಕ್ಕೆ ಹೋದ; ಅವನಿಗೂ ದುಡಿಮೆಯ ಜನ ಹಂಚಿಕೆಯಲ್ಲಿ ಸಿಕ್ಕರು; ಅವನೂ ಅವರನ್ನು ದುಡಿಸಿದ; ಆ ನಡುವೆ ಪಾದ್ರಿಯೂ ಆದ. ೧೫೧೧ರ ಡಿಸೆಂಬರಿನ ಒಂದು ಭಾನುವಾರ ಮಾಂಟೆಸಿನೋಸ್ ಎಂಬ ಸಂನ್ಯಾಸಿ ಇಗರ್ಜಿಯಲ್ಲಿ ಎದ್ದುನಿಂತು, ಇವರೇನು ಮನುಷ್ಯರಲ್ಲವೆ, ಇವರಿಗೆ ಆತ್ಮವಿಲ್ಲವೆ, ಯಾವ ನ್ಯಾಯದಿಂದ ಇವರನ್ನು ಹೀಗೆ ಕೊಲ್ಲುತ್ತಿದ್ದೀರಿ ಎಂದು ನೆರೆದಿದ್ದ ಯಜಮಾನರನ್ನೆಲ್ಲ ಕೇಳಿಬಿಟ್ಟ. ಮುಂದಿನ ಭಾನುವಾರ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಅವರು ಪಟ್ಟುಹಿಡಿದರು. ಮುಂದಿನ ಭಾನುವಾರ ಅವನು ಅದೇ ಮಾತನ್ನು ಮತ್ತೆ ಹೇಳಿದ. ಲಾಸ್ ಕಾಸಾಸ್ ಕೂಡಲೇ ಬದಲಾಗಲಿಲ್ಲ. ಮನುಷ್ಯ ಅಷ್ಟು ಬೇಗ ಬದಲಾಗುವುದು ನಾಟಕದಲ್ಲಿ. ಇನ್ನೂ ಮೂರು ವರ್ಷ ಬೇಕಾಯಿತು. ೧೫೧೪ರಲ್ಲಿ ಅವನು ತನ್ನ ಪಾಲಿನ ಜನರನ್ನು ಬಿಟ್ಟುಕೊಟ್ಟು, ಮಿಕ್ಕ ಐವತ್ತು ವರ್ಷ ಅವರ ಪರವಾಗಿ ದೊರೆಗಳ ಬಾಗಿಲು ತಟ್ಟುವುದರಲ್ಲೇ ಕಳೆದ. ಆದರೆ ಟೈನೊಗಳನ್ನು ಉಳಿಸುವ ಆತುರದಲ್ಲಿ, ಅವರ ಬದಲಿಗೆ ಆಫ್ರಿಕದಿಂದ ಗುಲಾಮರನ್ನು ತರಿಸಬಹುದೆಂಬ ಸಲಹೆಯನ್ನು ಬರೆದವನೂ ಅವನೇ. ಮುಪ್ಪಿನಲ್ಲಿ ಆ ಸಲಹೆಗಾಗಿ ತೀವ್ರವಾಗಿ ಪಶ್ಚಾತ್ತಾಪಪಟ್ಟು ಬರೆದಿಟ್ಟ. ಅಷ್ಟು ಹೊತ್ತಿಗೆ ಹಡಗುಗಳು ಹೊರಟಾಗಿತ್ತು.

೧೫೧೩ರಲ್ಲಿ ಸ್ಪೇನಿನ ಪಂಡಿತರು ಒಂದು ಪ್ರಕಟಣೆಯನ್ನು ಸಿದ್ಧಪಡಿಸಿದ್ದರು. ಊರನ್ನು ಮುತ್ತುವ ಮೊದಲು ಅದನ್ನು ಊರಿನವರಿಗೆ ಓದಿ ಹೇಳಬೇಕು: ನೀವು ಪೋಪರಿಗೂ ನಮ್ಮ ದೊರೆಗೂ ಅಧೀನರಾಗತಕ್ಕದ್ದು, ಆಗದಿದ್ದರೆ ಮುಂದಿನ ಸಾವುನೋವಿಗೆ ನೀವೇ ಹೊಣೆ. ಓದುತ್ತಿದ್ದುದು ಸ್ಪ್ಯಾನಿಷಿನಲ್ಲಿ. ಕೆಲವು ಸಲ ದೂರದ ಮರಗಳ ಮರೆಯಲ್ಲಿ, ಕೆಲವು ಸಲ ಜನ ಬಿಟ್ಟುಹೋದ ಗುಡಿಸಲುಗಳ ಮುಂದೆ. ನಮ್ಮ ಸೀಮೆಯ ಮನೆಗಳಲ್ಲಿ ತೆಲುಗೂ ಕನ್ನಡವೂ ಒಂದೇ ಒಲೆಯ ಮೇಲೆ ಬೇಯುತ್ತವೆ. ಹಾಗಿದ್ದೂ ಎರಡೂ ಅಲ್ಲದ ಭಾಷೆಯ ಕಾಗದವನ್ನು ಕೈಯಲ್ಲಿ ಹಿಡಿದು, ಇದರಲ್ಲಿ ನಮ್ಮ ಜಮೀನಿನ ಸಮಾಚಾರ ಏನಿದೆ ನೋಡಿ ಮೇಷ್ಟ್ರೇ ಎಂದು ನನ್ನ ಮನೆಗೆ ಬಂದವರಿಗೆ ಲೆಕ್ಕವಿಲ್ಲ. ಹಾಗೆ ಬಂದವರ ಮುಖಗಳು ನೆನಪಾಗದೆ ನಾನು ಆ ಪ್ರಕಟಣೆಯ ವಿಷಯ ಓದಲಾರೆ.

ಕತ್ತಿಗಿಂತಲೂ ದುಡಿಮೆಗಿಂತಲೂ ಹೆಚ್ಚು ಜನರನ್ನು ಕೊಂಡೊಯ್ದದ್ದು ಸಿಡುಬು. ೧೫೧೮ರ ಕೊನೆಯಲ್ಲಿ ಅದು ಹಿಸ್ಪ್ಯಾನಿಯೋಲಕ್ಕೆ ಬಂದಿತು. ೧೫೨೦ರಲ್ಲಿ ಮೆಕ್ಸಿಕೋ ಸೇರಿತು. ಕೊರ್ತೆಸ್ ೧೫೨೧ರಲ್ಲಿ ಗೆದ್ದ ಟೆನೋಚ್ಟಿಟ್ಲಾನ್ ನಗರವನ್ನು ಸಿಡುಬು ಆಗಲೇ ಒಂದು ಸುತ್ತು ಗೆದ್ದಿತ್ತು. ನಾವು ಸಿಡುಬನ್ನು ಅರಿಯದವರೇ? ನಂದಿಯ ಸುತ್ತಣ ಯಾವ ಹಳ್ಳಿಗೆ ಹೋದರೂ ಊರಾಚೆ ಒಂದು ಮಾರಮ್ಮನ ಗುಡಿಯಿದೆ. ನನ್ನ ಬಾಲ್ಯದಲ್ಲಿ ‘ಅಮ್ಮ ಬಂದಿದ್ದಾಳೆ’ ಎಂದರೆ ಮನೆಯ ಬಾಗಿಲಿಗೆ ಬೇವಿನ ಸೊಪ್ಪು, ಒಗ್ಗರಣೆಯ ಸದ್ದಿಲ್ಲ, ಮೈತೊಳೆಯುವ ದಿನದವರೆಗೆ ಯಾರೂ ದನಿಯೆತ್ತಿ ಮಾತನಾಡುವುದಿಲ್ಲ. ಅಮ್ಮ ಹೋದ ಮೇಲೆ ತಂಬಿಟ್ಟಿನ ದೀಪ ಹೊತ್ತು ಗುಡಿಗೆ ಹೋಗುತ್ತಿದ್ದರು. ಎಷ್ಟೋ ಮನೆಗಳಿಂದ ಮಗುವಿಲ್ಲದೆ ಹೋಗುತ್ತಿದ್ದರು. ಆದರೆ ಒಮ್ಮೆ ಅಮ್ಮ ಬಂದುಹೋದವರಿಗೆ ಮತ್ತೆ ಬರುವುದಿಲ್ಲ. ಆದ್ದರಿಂದ ಎಂಥ ಮಾರಿ ಹೊಕ್ಕರೂ ನಮ್ಮ ಊರಿನಲ್ಲಿ ಮುಖದ ಮೇಲೆ ಕಲೆಯಿದ್ದ ಹಿರಿಯರು ಎದ್ದು ಓಡಾಡುತ್ತಿದ್ದರು. ಮಲಗಿದವರ ಬಾಯಿಗೆ ನೀರು ಬಿಡಲು, ಗಂಜಿ ಕಾಯಿಸಲು, ಹೊಲದ ರಾಗಿಯನ್ನು ಕಾಯಲು ಯಾರಾದರೂ ಇರುತ್ತಿದ್ದರು. ಅಮೆರಿಕದ ಊರುಗಳಲ್ಲಿ ಕಲೆಯಿದ್ದ ಮುಖವೇ ಇರಲಿಲ್ಲ. ತಂದೆ, ತಾಯಿ, ಮಕ್ಕಳು, ಮುದುಕರು ಒಂದೇ ವಾರದಲ್ಲಿ ಮಲಗಿದರು. ಅನೇಕರು ಸತ್ತದ್ದು ರೋಗದಿಂದಲ್ಲ, ನೀರು ಕೊಡುವವರಿಲ್ಲದೆ. ಅದು ಒಂದು ಸಲ ಬಂದುಹೋದದ್ದೂ ಅಲ್ಲ. ಸಿಡುಬಿನ ಹಿಂದೆ ದಡಾರ, ದಡಾರದ ಹಿಂದೆ ಇನ್ನೊಂದು. ಮೊದಲ ನೂರೈವತ್ತು ವರ್ಷಗಳಲ್ಲಿ ಆ ಖಂಡದ ಜನಸಂಖ್ಯೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತೆಂದು ಹಲವು ವಿದ್ವಾಂಸರ ಅಂದಾಜು.

ರೋಗವೇ ಕೊಂದಿತು, ಮನುಷ್ಯರ ತಪ್ಪೇನು ಎಂದು ಕೆಲವರು ಈಗ ವಾದಿಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಗಣಿಯಲ್ಲಿ ದುಡಿಸಿ, ಹೊಲ ಬಿಡಿಸಿ, ಊರು ಕೀಳಿಸಿ, ಅರೆಹೊಟ್ಟೆಯಲ್ಲಿಟ್ಟ ಜನರ ಮೇಲೆ ರೋಗ ಬಂದದ್ದು ಬೇರೆ. ತಮ್ಮ ಮನೆಯಲ್ಲಿ ತಮ್ಮ ಅನ್ನ ಉಂಡುಕೊಂಡಿದ್ದವರ ಮೇಲೆ ಬಂದದ್ದು ಬೇರೆ. ರೋಗದಿಂದ ಉಳಿದವರು ಮತ್ತೆ ಒಕ್ಕಲಾಗಿ ಬೆಳೆಯುವುದಕ್ಕೆ ನೆಲ ಬೇಕು; ಆ ನೆಲದ ಮೇಲೆ ಆಗಲೇ ಬೇರೆಯವರ ಬೇಲಿ ಎದ್ದಿತ್ತು.

ಈಗ ಹುಡುಗನ ಪ್ರಶ್ನೆಗೆ ಬರಬಹುದು. ಇಲ್ಲಿ ರೋಗ ತಿರುಗುಬಿದ್ದಿತು. ಮಲೇರಿಯ, ಕಾಲರ, ಆಮಶಂಕೆಗಳಿಗೆ ಸತ್ತವರು ಬಂದವರು. ಎರಡು ಮಳೆಗಾಲ ಕಳೆದರೆ ಒಬ್ಬನ ಆಯುಸ್ಸು ಮುಗಿಯಿತೆಂಬುದು ಮುಂಬಯಿಯ ಇಂಗ್ಲಿಷರಲ್ಲಿ ಗಾದೆಯಂತೆ ಇತ್ತು. ಇಲ್ಲಿ ಜನ ಕಿಕ್ಕಿರಿದಿದ್ದರು. ಕಂದಾಯ ಎತ್ತುವ ಶಾನುಭೋಗ, ಪಟೇಲರ ವ್ಯವಸ್ಥೆ ಬೇರುಬಿಟ್ಟಿತ್ತು. ಇದ್ದ ಒಕ್ಕಲನ್ನು ಕಿತ್ತು ತಮ್ಮವರನ್ನು ತಂದು ನೆಡುವುದಕ್ಕಿಂತ, ಇದ್ದ ಒಕ್ಕಲಿನಿಂದ ಕಂದಾಯ ಎತ್ತುವುದು ಕಂಪನಿಗೆ ಲಾಭ. ೧೮೩೩ರ ವರೆಗೆ ಕಂಪನಿಯ ರಹದಾರಿಯಿಲ್ಲದೆ ಇಂಗ್ಲಿಷರವನೇ ಆದರೂ ಇಲ್ಲಿ ಬಂದು ನೆಲಸುವಂತಿರಲಿಲ್ಲ. ವರ್ಜೀನಿಯದಲ್ಲಿ ನೆಲಸಿದವರ ಮೊಮ್ಮಕ್ಕಳಿಗೆ ಕತ್ತಿ ಒಪ್ಪಿಸಿ ಬಂದ ಕಾರ್ನ್‌ವಾಲಿಸನ ಕಾಲದಲ್ಲಿ ಈ ಬಿಗಿ ಸಡಿಲವಾಗುವಂತೆಯೂ ಇರಲಿಲ್ಲ. ನಮ್ಮ ಸುತ್ತಿನಲ್ಲಿ ವಸಾಹತು ಎಂದು ಹೇಳಬಹುದಾದದ್ದು ಒಂದು ಹುಟ್ಟಿತು, ಅದೂ ನೂರು ವರ್ಷ ತಡವಾಗಿ: ೧೮೮೨ರಲ್ಲಿ ಚಾಮರಾಜ ಒಡೆಯರು ಬೆಂಗಳೂರಿನ ಪೂರ್ವಕ್ಕೆ ೩೯೦೦ ಎಕರೆ ನೆಲವನ್ನು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೊಟ್ಟರು; ಡಿ. ಎಸ್. ವೈಟ್ ಎಂಬವರ ಹೆಸರಿನಿಂದ ಅದು ವೈಟ್‌ಫೀಲ್ಡ್ ಆಯಿತು. ಕೆಲವು ಮನೆ, ಒಂದು ಇಗರ್ಜಿ, ಹಣ್ಣಿನ ತೋಟ, ಅಷ್ಟರಲ್ಲಿ ನಿಂತಿತು. ಇಂದು ಅದೇ ವೈಟ್‌ಫೀಲ್ಡಿನಲ್ಲಿ ನಮ್ಮ ಹುಡುಗರು ರಾತ್ರಿಯೆಲ್ಲ ಎಚ್ಚರವಿದ್ದು ಅಮೆರಿಕದ ಹಗಲಿಗೆ ದುಡಿಯುತ್ತಿದ್ದಾರೆ.

ಉಳಿದೆವು ಎಂದು ನಾವು ಹಿಗ್ಗುವಂತಿಲ್ಲ. ೧೮೭೬ರಿಂದ ೭೮ರ ವರೆಗಿನ ಧಾತು ಈಶ್ವರದ ಬರದಲ್ಲಿ, ಮೈಸೂರು ಇಂಗ್ಲಿಷ್ ಕಮೀಷನರುಗಳ ಆಡಳಿತದಲ್ಲಿದ್ದಾಗ, ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ, ಸುಮಾರು ಹತ್ತು ಲಕ್ಷ, ಅಳಿದರು. ನಮ್ಮ ಕೋಲಾರದ ಸೀಮೆ ಹೆಚ್ಚು ನೊಂದ ಭಾಗಗಳಲ್ಲಿ ಒಂದು. ಆ ದಿನಗಳಲ್ಲಿ ಪಾಪಾಸುಕಳ್ಳಿಯ ಹಣ್ಣನ್ನು ಮುಳ್ಳು ಸವರಿ ತಿಂದರೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಆ ಕಳ್ಳಿಯೂ ಅಮೆರಿಕದ್ದೇ. ಮೆಕ್ಸಿಕೋದಲ್ಲಿ ಕಳ್ಳಿಯ ಮೇಲೆ 'ಕೊಚಿನೀಲ್' ಎಂಬ ಹುಳು ಸಾಕಿ ಕಡುಗೆಂಪು ಬಣ್ಣ ತೆಗೆಯುತ್ತಿದ್ದರು. ಸ್ಪೇನಿಗೆ ಬೆಳ್ಳಿಯ ತರುವಾಯ ದೊಡ್ಡ ಆದಾಯ ಅದು. ಆ ಏಕಸ್ವಾಮ್ಯವನ್ನು ಮುರಿಯಲು ಕಂಪನಿ ೧೭೯೫ರಲ್ಲಿ ಬ್ರೆಜಿಲಿನಿಂದ ಹುಳು ತರಿಸಿತು. ಬಂದದ್ದು ಕೀಳು ಜಾತಿಯ ಹುಳು. ಬಣ್ಣ ಹೇಳಿಕೊಳ್ಳುವಂತೆ ಬರಲಿಲ್ಲ. ಬೇಲಿಯ ಕಳ್ಳಿಯನ್ನು ಮಾತ್ರ ತಿಂದುಹಾಕಿತು.

ಹುಳುವಿನ ಮಾತು ಬಂದದ್ದರಿಂದ ಶಿಡ್ಲಘಟ್ಟದ ಕೇಳುಗರಿಗೆ ಒಂದು ಸಮಾಚಾರ ಹೇಳಬೇಕು. ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನಿಗೆ ಹೊಗೆಸೊಪ್ಪೆಂದರೆ ಆಗುತ್ತಿರಲಿಲ್ಲ. ಅದರ ಮೇಲೆ ೧೬೦೪ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದ. ತನ್ನ ವರ್ಜೀನಿಯ ರೇಷ್ಮೆಯ ನಾಡಾಗಬೇಕೆಂಬುದು ಅವನ ಆಸೆ. ಮೊಟ್ಟೆ ಕಳುಹಿಸಿದ, ಪ್ರತಿಯೊಬ್ಬ ಒಕ್ಕಲಿಗನೂ ಏಳು ವರ್ಷ ಕಾಲ ವರ್ಷಕ್ಕೆ ಆರು ಹಿಪ್ಪುನೇರಳೆ ಗಿಡ ನೆಡಬೇಕೆಂದು ೧೬೧೯ರಲ್ಲಿ ಅಲ್ಲಿನ ಸಭೆ ಕಟ್ಟಳೆ ಮಾಡಿತು. ಚಾಕಿಯಿಂದ ಹಿಡಿದು ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವವರೆಗೆ ಮನೆಮಂದಿಯೆಲ್ಲ ಹೇಗೆ ನಿದ್ದೆಗೆಡಬೇಕೆಂಬುದನ್ನು ಶಿಡ್ಲಘಟ್ಟದವರಿಗೆ ನಾನು ಹೇಳಬೇಕಾಗಿಲ್ಲ. ೧೬೦೭ರಲ್ಲಿ ಜೇಮ್ಸ್‌ಟೌನಿನಲ್ಲಿ ಇಳಿದವರಿಗೆ ಅಂಥ ಮನೆಮಂದಿಯೂ ಇರಲಿಲ್ಲ, ಕೈಗುಣವೂ ಇರಲಿಲ್ಲ. ೧೬೦೯ರ ಚಳಿಗಾಲ ಕಳೆಯುವಷ್ಟರಲ್ಲಿ ಸುಮಾರು ಐನೂರು ಜನರಲ್ಲಿ ಅರವತ್ತು ಮಂದಿ ಬದುಕಿದ್ದರು. ಅದಕ್ಕೆ ಮುಂಚೆ ಅವರನ್ನು ಉಳಿಸಿದ್ದು ಅಲ್ಲಿನ ಪೌಹಾಟನ್ ಜನರ ಮುಸುಕಿನ ಜೋಳ, ಕೆಲವು ಸಲ ಕೊಂಡದ್ದು, ಕೆಲವು ಸಲ ಕಸಿದದ್ದು. ಅವರು ರೇಷ್ಮೆಯನ್ನು ಕೈಬಿಟ್ಟು ಹೊಗೆಸೊಪ್ಪನ್ನು ಹಿಡಿದರು. ಹೊಗೆಸೊಪ್ಪು ನೆಲದ ಸಾರವನ್ನು ಹೀರುವ ಬೆಳೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸ ನೆಲ ಬೇಕು. ಹೊಸ ನೆಲವೆಂದರೆ ಪೌಹಾಟನ್ ಜನರ ನೆಲ. ದುಡಿಯಲು ಕೈ ಬೇಕು. ಅದೇ ೧೬೧೯ರಲ್ಲಿ ಆಫ್ರಿಕದ ಬಂದಿಗಳನ್ನು ಹೊತ್ತ ಹಡಗು ವರ್ಜೀನಿಯದ ದಡಕ್ಕೆ ಬಂದಿತು. ಆ ಬಂದಿಗಳನ್ನು ಆಫ್ರಿಕದ ತೀರದಲ್ಲಿ ಕೊಳ್ಳಲು ಮುಂದೆ ಬಳಕೆಯಾದ ಸರಕುಗಳಲ್ಲಿ ಚೋಳಮಂಡಲದ ನೇಕಾರರು ನೇಯ್ದ ಬಟ್ಟೆಯೂ ಒಂದು. ನಮ್ಮ ಕೈಗಳೂ ಆ ನೂಲಿಗೆ ಸಿಕ್ಕಿಕೊಂಡಿದ್ದವು, ತಿಳಿಯದೆ.

ಚಿಕ್ಕಬಳ್ಳಾಪುರದ ಆಲೂಗೆಡ್ಡೆಗೆ ಬರುತ್ತೇನೆ. ನಮ್ಮ ರೈತರ ಬಾಯಲ್ಲಿ ಅದು ಉರ್ಲಗಡ್ಡೆ. ಅದರ ತವರು ಪೆರು, ಬೊಲಿವಿಯಗಳ ಆಂಡೀಸ್ ಪರ್ವತ. ಅಲ್ಲಿನ ಬೆಟ್ಟಗಾಡಿನ ಜನ ಅದರ ನೂರಾರು ತಳಿಗಳನ್ನು ಸಾಕಿದ್ದರು. ರಾತ್ರಿಯ ಹಿಮಕ್ಕೆ ಹರಡಿ, ಬೆಳಗ್ಗೆ ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸಿ, ವರ್ಷಗಟ್ಟಲೆ ಕೆಡದಂತೆ ಕಣಜದಲ್ಲಿಡುವ ಉಪಾಯ ಕಂಡಿದ್ದರು. ೧೫೪೫ರಲ್ಲಿ ಪೊಟೋಸಿಯ ಬೆಳ್ಳಿಬೆಟ್ಟ ಸ್ಪೇನಿನವರ ಕಣ್ಣಿಗೆ ಬಿದ್ದ ಮೇಲೆ, ಸರದಿಯ ಬಿಟ್ಟಿ ದುಡಿಮೆಗೆ ಹಿಡಿದು ತಂದ ಜನರ ಹೊಟ್ಟೆಗೆ ಬಿದ್ದದ್ದು ಈ ಒಣಗಿದ ಗೆಡ್ಡೆಯೇ. ಅವರು ತೋಡಿದ ಬೆಳ್ಳಿ ಯೂರೋಪಿನ ಹಡಗುಗಳಲ್ಲಿ ಸೂರತ್ತಿಗೆ ಬಂದು, ಮೊಗಲರ ಟಂಕಸಾಲೆಯಲ್ಲಿ ಕರಗಿ, ರೂಪಾಯಿಯಾಯಿತು. ಗೆಡ್ಡೆ ಮಾತ್ರ ನಿಧಾನವಾಗಿ, ಬೇರೆ ದಾರಿಯಿಂದ ಬಂದಿತು. ಐರ್ಲೆಂಡಿನಲ್ಲಿ ಬಡವರೆಲ್ಲ ಒಂದೇ ತಳಿಯನ್ನು ನಂಬಿಕೊಂಡಿದ್ದಾಗ ೧೮೪೫ರಲ್ಲಿ ಅಂಗಮಾರಿ ಬಿದ್ದು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಊರು ಬಿಟ್ಟರು, ಬಹುಪಾಲು ಅಮೆರಿಕಕ್ಕೆ. ಅಂಗಮಾರಿ ಎಂಬ ಹೆಸರನ್ನು ನಮ್ಮ ರೈತರಿಗೆ ಯಾರೂ ಅರ್ಥಮಾಡಿಸಬೇಕಾಗಿಲ್ಲ. ಮೋಡ ಮುಸುಕಿ ಎರಡು ದಿನ ತುಂತುರು ಹಿಡಿದರೆ ಅವರು ಔಷಧದ ಅಂಗಡಿಗೆ ಓಡುತ್ತಾರೆ. ಜಲಂಧರದಿಂದ ಲಾರಿಯಲ್ಲಿ ಬರುವ ಬಿತ್ತನೆಯ ಗೆಡ್ಡೆಗೆ ಸಾಲ ಮಾಡಿ, ಒಂದೊಂದು ತುಂಡಿಗೂ ಕಣ್ಣು ಉಳಿಯುವಂತೆ ಕುಯ್ದು ನಟ್ಟವರು ಅವರು. ನಮ್ಮ ರೈತರ ಮನೆಯ ಮದುವೆ, ಮಕ್ಕಳ ಫೀಸು, ಕೊಳವೆಬಾವಿಯ ಸಾಲ ಎಲ್ಲವೂ ಈಗ ಆಂಡೀಸಿನ ಗೆಡ್ಡೆಗೂ ಮೆಕ್ಸಿಕೋದ ಟಮೋಟಕ್ಕೂ ಚೆಂಡುಹೂವಿಗೂ ತಗಲಿಕೊಂಡಿವೆ.

ಇವೆಲ್ಲ ಹೊರಗಿನವೆಂದು ನಮ್ಮವರಿಗೆ ಗೊತ್ತೇ ಇರಲಿಲ್ಲವೆ? ಗೊತ್ತಿದ್ದ ಒಂದು ಸ್ಥಳವಿದೆ. ಶ್ರಾದ್ಧದ ಅಡುಗೆ. ಆ ದಿನ ಸಂಪ್ರದಾಯದ ಮನೆಗಳಲ್ಲಿ ಆಲೂಗೆಡ್ಡೆಯಿಲ್ಲ, ಟಮೋಟವಿಲ್ಲ, ಹುರುಳಿಕಾಯಿಯಿಲ್ಲ. ಮೆಣಸಿನಕಾಯಿಯ ಬದಲು ಕರಿಮೆಣಸು. ಬಾಳೆಕಾಯಿ, ಹಾಗಲಕಾಯಿ, ಉದ್ದು, ಎಳ್ಳು, ಹೆಸರುಬೇಳೆ. ಪಿತೃಗಳಿಗೆ ಅವರು ಉಂಡು ಅರಿತದ್ದನ್ನೇ ಬಡಿಸಬೇಕೆಂಬ ಕಟ್ಟುನಿಟ್ಟಿನಿಂದ, ಕೊಲಂಬಸನಿಗೂ ಮುಂಚಿನ ಒಂದು ಊಟ ವರ್ಷಕ್ಕೊಮ್ಮೆ ನಮ್ಮ ಬಾಳೆಯೆಲೆಯ ಮೇಲೆ ಉಳಿದು ಬಂದಿದೆ. ಇದನ್ನು ನಮ್ಮ ಸೋದರತ್ತೆಯವರಿಗೆ ಒಮ್ಮೆ ಬಿಡಿಸಿ ಹೇಳಿದೆ. ಅವರು ಅಡುಗೆಮನೆಯಲ್ಲಿ ಕುಳಿತು ತಿಥಿಯ ಪಲ್ಯಕ್ಕೆ ಗೆಣಸು ಹೆಚ್ಚುತ್ತಿದ್ದರು. ಸಿಹಿಗೆಣಸೂ ಕೊಲಂಬಸನ ಕಡೆಯಿಂದಲೇ ಬಂದದ್ದು. ನಮ್ಮ ಕಾಡುಗೆಣಸಿನ ಹಳೆಯ ಹೆಸರನ್ನು ಹೊದ್ದುಕೊಂಡು ಯಾರ ಕಣ್ಣಿಗೂ ಬೀಳದೆ ಮಡಿಯೊಳಗೆ ಸೇರಿಬಿಟ್ಟಿದೆ. ಅದನ್ನೂ ಹೇಳಿದೆ. ಅತ್ತೆ ಈಳಿಗೆಯಿಂದ ಕೈ ತೆಗೆಯದೆ, “ಗೆಣಸು ನಿಮ್ಮ ತಾತನಿಗೆ ಬಲು ಇಷ್ಟ ಕಣೋ, ಅದನ್ನು ಬಿಡೋಕಾಗುತ್ಯೇ” ಎಂದು ಹೇಳಿ ಇನ್ನೊಂದನ್ನು ಕೈಗೆತ್ತಿಕೊಂಡರು.